ಟ್ರಂಕಿನಲ್ಲಿದ್ದ ಕೋಟು ಯಾವ ಯುದ್ಧದ್ದು?

ಖಾನಾಪುರ ತಾಲ್ಲೂಕಿನ ನಮ್ಮ ಕ್ಲಾಸ್‌ಮೇಟ್ ಒಬ್ಬನ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಇದೆ. ಅದರಲ್ಲಿ ಒಂದು ಮಿಲಿಟರಿ ಕೋಟು. ಮೊಣಕಾಲು ದಾಟುವಷ್ಟು ಉದ್ದ, ಒಂದೇ ಕೈಯಲ್ಲಿ ಹಿಡಿದು ನಿಂತರೆ ಕೈ ಸೋಲುವಷ್ಟು ಭಾರ. ಅವನ ಮುತ್ತಜ್ಜ ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿದ್ದರಂತೆ, ಅಲ್ಲಿ ಹಿಮದಲ್ಲಿ ಹಾಕಿಕೊಂಡಿದ್ದ ಕೋಟು ಇದೇ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಊರಲ್ಲೂ ಹಾಗೇ ಹೆಸರಾಗಿದೆ: 'ಇಟಲಿ ಕೋಟು'.

ಹಳೆ ಸಾಮಾನು ಕೊಳ್ಳುವವರೊಬ್ಬರು ಫೋಟೋ ನೋಡಿ ರೇಟ್ ಹೇಳಿದ್ದರು. ಮಹಾಯುದ್ಧದ್ದೇ ಅಂತ ಖಾತ್ರಿ ಆದರೆ ಹದಿನೈದು ಸಾವಿರ, ಇಲ್ಲಾಂದ್ರೆ ಒಂದು ಸಾವಿರ. ಮನೆಯ ಹಂಚು ಬದಲಿಸಬೇಕಿತ್ತು. ಖಾನಾಪುರದ ಮಳೆ ಹೇಗಿರುತ್ತೆ ಅಂತ ಜಾಂಬೋಟಿ ಕಡೆ ಬೈಕ್‌ನಲ್ಲಿ ಹೋದವರಿಗೆಲ್ಲ ಗೊತ್ತು. ಗೆಳೆಯನ ಅಪ್ಪ ನಮಗೆ, "ನೀವು ಎಂಜಿನಿಯರ್ ಆಗೋರದೀರಿ, ನೋಡಿ ಹೇಳ್ರಿ" ಅಂದರು. ನಾವು ನಾಲ್ಕು ಜನ, ಇಬ್ಬರು ಮೆಕ್ಯಾನಿಕಲ್, ಇಬ್ಬರು ಕಂಪ್ಯೂಟರ್ ಸೈನ್ಸ್. ಬಟ್ಟೆ ಬಗ್ಗೆ ನಮಗೆ ಗೊತ್ತಿದ್ದಿದ್ದು ಇಸ್ತ್ರಿ ಮಾಡೋದು ಮಾತ್ರ, ಅದೂ ಸರಿಯಾಗಿ ಅಲ್ಲ. ಆದರೂ ಒಪ್ಪಿಕೊಂಡ್ವಿ. ಹೇಗೆ ನೋಡಿದ್ವಿ, ಏನು ಗೊತ್ತಾಯ್ತು ಅಂತ ಇಲ್ಲಿ ಬರೀತಿದ್ದೀವಿ. ಯಾಕಂದ್ರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ 1922ರಿಂದ ನಮ್ಮ ಬೆಳಗಾವಿಯಲ್ಲೇ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಇಂಥ ಟ್ರಂಕುಗಳು ಎಷ್ಟಿವೆಯೋ. ನಿಮ್ಮ ಮನೆಯಲ್ಲೂ ಒಂದು ಇರಬಹುದು.

ಮೊದಲು ಹಾಸ್ಟೆಲಿನಲ್ಲೇ ಕೈ ಪಳಗಿಸಿಕೊಳ್ಳೋಣ ಅಂದುಕೊಂಡ್ವಿ. ಪಕ್ಕದ ರೂಮಿನವನ ಹತ್ತಿರ ರಸ್ತೆ ಬದಿಯಲ್ಲಿ ಏಳುನೂರು ರೂಪಾಯಿಗೆ ತಂದ 'ಒರಿಜಿನಲ್ ಅಮೆರಿಕನ್ ಆರ್ಮಿ ಜಾಕೆಟ್' ಒಂದಿತ್ತು. ನಾಲ್ಕು ಕಿಸೆ, ಕಾಲರ್ ಒಳಗೆ ಮಡಚಿಟ್ಟ ಟೋಪಿ. ನೋಡೋಕೆ ಎಂ-65 ಫೀಲ್ಡ್ ಜಾಕೆಟ್ ಥರಾನೇ. ಹೆಸರೇ ಹೇಳುವ ಹಾಗೆ ಅಮೆರಿಕದ ಸೇನೆ ಆ ಜಾಕೆಟ್ ತಂದಿದ್ದು 1965ರಲ್ಲಿ. ಒಳಗಿನ ಲೇಬಲ್ ತಿರುಗಿಸಿದ್ರೆ 'ಎಕ್ಸ್‌ಎಲ್' ಅಂತ ಸೈಜು, ಕೆಳಗೆ ನೀರಿನ ಬಕೆಟ್ ಮತ್ತು ಇಸ್ತ್ರಿಪೆಟ್ಟಿಗೆಯ ಪುಟ್ಟ ಚಿತ್ರಗಳು. ಅಲ್ಲಿಗೆ ಕೇಸು ಮುಗೀತು. ಆ ಕಾಲದ ಸೇನೆಯ ಲೇಬಲ್ ಅಂಗಡಿಯ ಲೇಬಲ್ ಥರ ಇರಲ್ಲ, ಸ್ಟೋರಿನ ಲೆಡ್ಜರ್ ಥರ ಇರುತ್ತೆ. ಅಮೆರಿಕದ್ದಾದರೆ ಕಾಂಟ್ರ್ಯಾಕ್ಟ್ ನಂಬರ್ ಇರಲೇಬೇಕು. ಅರವತ್ತರ ದಶಕದಲ್ಲಿ ಅದು 'ಡಿಎಸ್ಎ 100' ಅಂತ ಶುರುವಾಗಿ, ಮುಂದೆ ಎರಡು ಅಂಕಿಯಲ್ಲಿ ವರ್ಷ ಬರುತ್ತೆ. 68 ಅಂತಿದ್ದರೆ 1968ರ ಕಾಂಟ್ರ್ಯಾಕ್ಟ್. ನ್ಯಾಟೋ ದೇಶಗಳ ಬಟ್ಟೆಯಲ್ಲಾದರೆ ಹದಿಮೂರು ಅಂಕಿಯ ಸ್ಟಾಕ್ ನಂಬರ್. ಅದರ ಮೊದಲ ನಾಲ್ಕು ಅಂಕಿ ಸಾಮಾನಿನ ವರ್ಗ (8405, 8415 ಅಂದ್ರೆ ಉಡುಪು), ಆಮೇಲಿನ ಎರಡು ಅಂಕಿ ದೇಶ. 99 ಅಂದ್ರೆ ಬ್ರಿಟನ್, 12 ಅಂದ್ರೆ ಜರ್ಮನಿ. ಪಕ್ಕದ ರೂಮಿನವನು ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ.

ಇಟಲಿ ಕೋಟು ಅಂದ್ರೆ ಹೇಗಿರಬೇಕು ಅನ್ನೋದು ಮುಂದಿನ ಪ್ರಶ್ನೆ. ಕತೆ ಸುಳ್ಳು ಅನ್ನೋಕೆ ನಮ್ಮ ಹತ್ತಿರ ಕಾರಣ ಏನೂ ಇರಲಿಲ್ಲ. ಮರಾಠಾ ಪಲ್ಟನ್‌ಗಳು ಇಟಲಿಯಲ್ಲಿ ನಿಜವಾಗಿಯೂ ಇದ್ದವು. ಆಗಿನ ಹೆಸರು 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ 3ನೇ ಬೆಟಾಲಿಯನ್‌ನ ನಾಯಕ್ ಯಶವಂತ ಘಾಡಗೆ 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ, 1ನೇ ಬೆಟಾಲಿಯನ್‌ನ ಸಿಪಾಯಿ ನಾಮದೇವ ಜಾಧವ 1945ರ ಏಪ್ರಿಲ್ 9ರಂದು ಸೆನಿಯೊ ನದಿ ದಂಡೆಯಲ್ಲಿ ತೋರಿದ ಶೌರ್ಯಕ್ಕೆ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಘಾಡಗೆ ಅವರಿಗೆ ಮರಣೋತ್ತರವಾಗಿ. ಈ ಎರಡು ದಿನಾಂಕಗಳ ನಡುವೆ ಒಂದು ಇಡೀ ಚಳಿಗಾಲ ಇದೆ. ಅಪೆನ್ನೈನ್ ಬೆಟ್ಟಗಳ ಹಿಮ, ಕೆಸರು, ಮಳೆ. ಆ ಚಳಿಗೆ ಬ್ರಿಟಿಷ್ ಸೇನೆಯಲ್ಲಿದ್ದ ಬಟ್ಟೆ ಅಂದ್ರೆ ಒರಟು ಉಣ್ಣೆಯ ಬ್ಯಾಟಲ್‌ಡ್ರೆಸ್, ಉಣ್ಣೆಯ ಗ್ರೇಟ್‌ಕೋಟ್, ಪುಲ್‌ಓವರ್ ಮತ್ತು ಜರ್ಕಿನ್.

ಜರ್ಕಿನ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಜಿಪ್ ಹಾಕಿದ ಜಾಕೆಟ್. ಅವರ ಜರ್ಕಿನ್ ಬೇರೆ. ಚರ್ಮದ್ದು, ತೋಳೇ ಇಲ್ಲ, ಒಳಗೆ ಉಣ್ಣೆಯ ಅಸ್ತರು. ಮಂಕಿ ಕ್ಯಾಪಿನ ಕತೆಯೂ ಹೀಗೇ. ಸೇನೆಯ ಲೆಡ್ಜರಿನಲ್ಲಿ ಅದರ ಹೆಸರು 'ಕ್ಯಾಪ್ ಬಾಲಾಕ್ಲಾವಾ'. 1854ರ ಅಕ್ಟೋಬರ್‌ನಲ್ಲಿ ಕ್ರೈಮಿಯಾ ಯುದ್ಧದ ಒಂದು ಕಾಳಗ ನಡೆದ ಊರಿನ ಹೆಸರು ಅದು. ನಮ್ಮ ಅಜ್ಜಂದಿರು ಬೆಳಗ್ಗೆ ಹಾಲು ತರೋಕೆ ಹಾಕಿಕೊಂಡು ಹೋಗುವ ಟೋಪಿಗೆ ಇಷ್ಟೆಲ್ಲ ಇತಿಹಾಸ ಇದೆ ಅಂತ ನಮಗೂ ಗೊತ್ತಿರಲಿಲ್ಲ.

ಲೆಡ್ಜರಿನ ಈ ಹೆಸರುಗಳನ್ನ ಒಮ್ಮೆ ಬಾಯಲ್ಲಿ ಹೇಳಿ ನೋಡಿ. ಕ್ಯಾಪ್ ಬಾಲಾಕ್ಲಾವಾ, ಜರ್ಸಿ ವುಲನ್, ಕೋಟ್ ಪಾರ್ಕಾ. ಹೆಸರು ಮೊದಲು, ವಿಶೇಷಣ ಆಮೇಲೆ. ಕ್ಲಾರ್ಕ್ ಕೋಟುಗಳನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡೋಕೆ ಹುಟ್ಟಿದ ಕ್ರಮ ಇದು. ಬ್ರಿಟಿಷರದ್ದು, ನಮ್ಮ ಸೇನೆಯಲ್ಲಿ ಈಗಲೂ ಉಳಿದಿದೆ. ಬಟ್ಟೆಯ ಒಳಗೆ ಹೀಗೆ ಹಿಂದುಮುಂದಾದ ಹೆಸರು ಕಂಡರೆ ಅದು ಸೇನೆಯ ಸ್ಟೋರಿನಿಂದ ಬಂದಿದ್ದು ಅನ್ನೋಕೆ ಒಳ್ಳೆ ಸುಳಿವು.

ಮನೆಯವರ ಕತೆ 1944ರ ಚಳಿಗಾಲದ್ದು. ನಮಗೆ ಇನ್ನೊಂದು ವರ್ಷವೂ ತಲೆಯಲ್ಲಿತ್ತು, 1962. ಜಾನ್ ದಳವಿ ಬರೆದ 'ಹಿಮಾಲಯನ್ ಬ್ಲಂಡರ್' ಪುಸ್ತಕವನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದಿದ್ದಾರೆ, ನಮ್ಮಲ್ಲಿ ಒಬ್ಬ ಅದನ್ನ ಓದಿದ್ದ. ದಳವಿ 7ನೇ ಬ್ರಿಗೇಡಿನ ಕಮಾಂಡರ್ ಆಗಿದ್ದವರು. ಅಕ್ಟೋಬರ್ 20ರಂದು ನಾಮ್ಕಾ ಚು ಕಣಿವೆಯಲ್ಲಿ ಚೀನಾ ಸೇನೆ ಮೇಲೆ ಬಿದ್ದಾಗ ಅವರ ಬಹಳಷ್ಟು ಸೈನಿಕರ ಮೈಮೇಲೆ ಇದ್ದಿದ್ದು ಬೇಸಿಗೆಯ ಹತ್ತಿ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಶೂ. ಯುದ್ಧದ ನಡುವೆಯೇ ಅಮೆರಿಕ, ಬ್ರಿಟನ್‌ನಿಂದ ತುರ್ತು ನೆರವು ಬಂತು, ಅದರಲ್ಲಿ ಚಳಿ ಬಟ್ಟೆಯೂ ಇತ್ತು. ಆಮೇಲೆ ಪರ್ವತ ಡಿವಿಜನ್‌ಗಳು ಹುಟ್ಟಿದವು, ಅವಕ್ಕೆಲ್ಲ ಉಣ್ಣೆ ಬಟ್ಟೆ ಬೇಕಾಯ್ತು. ಅಂದ್ರೆ ನಮ್ಮ ಮನೆಗಳ ಟ್ರಂಕಿನಲ್ಲಿ ಅರವತ್ತರ ದಶಕದ ದಪ್ಪ ಕೋಟು ಇದ್ದರೆ, ಅದು ಬಹುಶಃ ಆ ಸೋಲು ಹೊಲಿಸಿದ ಕೋಟು. 62ರಲ್ಲಿ ಬೇಕಾಗಿದ್ದವರ ಮೈಮೇಲೆ ಅದು ಇರಲಿಲ್ಲ.

ಥಿಯರಿ ಎಕ್ಸಾಮ್ ಮುಗಿದ ಮೇಲೆ ಬೆಳಗಾವಿಯಿಂದ ಬಸ್ ಹತ್ತಿದ್ವಿ. ಬ್ಯಾಗಿನಲ್ಲಿ ಒಂದು ಚಿಮಟ, ಮೇಣದಬತ್ತಿ, ಸ್ಟೀಲ್ ತಟ್ಟೆ, ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್, ಮೊಬೈಲು, ಲ್ಯಾಪ್‌ಟಾಪು. ಗೆಳೆಯನ ಅಜ್ಜಿ, ಅವರನ್ನ ಎಲ್ಲರೂ ಆಯಿ ಅಂತಾರೆ, ಬಾಗಿಲಲ್ಲೇ ಕೂತಿದ್ದರು. "ಏನ್ ತಂದೀರಪಾ ಇದೆಲ್ಲಾ? ಕೋಟ ನೋಡಾಕ ಬಂದೀರೋ, ಪೂಜಾ ಮಾಡಾಕ ಬಂದೀರೋ?" ಅಂದರು. ಆಮೇಲೆ ಏನೋ ಹೇಳೋಕೆ ಬಾಯಿ ತೆಗೆದರು. ನಾವು ಆಗಲೇ ಅಟ್ಟ ಹತ್ತಿದ್ವಿ.

ಮೊದಲ ಕೆಲಸ ದಾರದ ಪರೀಕ್ಷೆ. ಒಳಗಿನ ಹೊಲಿಗೆಯ ಅಂಚಿನಲ್ಲಿ, ಹೊರಗಿಂದ ಕಾಣದ ಕಡೆ, ಎರಡು ಸೆಂಟಿಮೀಟರ್ ಎಳೆ ತೆಗೆದು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಬೇಕು. ಉಣ್ಣೆ ಮುದುಡಿಕೊಳ್ಳುತ್ತೆ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತೆ, ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಹತ್ತಿ ಪೇಪರಿನ ಥರ ಸರಸರ ಉರಿಯುತ್ತೆ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಮಿಶ್ರಣ ಆಗಿದ್ದರೆ ವಾಸನೆಯೂ ಬರುತ್ತೆ, ಮಣಿಯೂ ಉಳಿಯುತ್ತೆ. ನಮ್ಮ ಕೋಟು ಶುದ್ಧ ಉಣ್ಣೆ, ಹೊಲಿಗೆ ದಾರ ಹತ್ತಿ.

ಗೆಳೆಯ ಖುಷಿಯಾಗಿ "ಹಾಗಾದ್ರೆ ಇಟಲಿದೇ" ಅಂದ. ತಡಿ ಅಂದ್ವಿ. ಈ ಪರೀಕ್ಷೆಗೆ ಹೇಳೋಕೆ ಬರೋದು ಒಂದೇ ಮಾತು, 'ಇದಕ್ಕಿಂತ ಮೊದಲಿನದ್ದಲ್ಲ'. ನೈಲಾನ್ ಜಗತ್ತಿಗೆ ಗೊತ್ತಾಗಿದ್ದು 1938ರಲ್ಲಿ, ಪಾಲಿಯೆಸ್ಟರ್ ನಾರು 1941ರಲ್ಲಿ, ಚರ್ ಅಂತ ಕಿತ್ತುಬರುವ ವೆಲ್ಕ್ರೋಗೆ ಪೇಟೆಂಟ್ ಸಿಕ್ಕಿದ್ದು 1955ರಲ್ಲಿ. ಕೋಟಿನಲ್ಲಿ ಮೂಲದಿಂದಲೇ ವೆಲ್ಕ್ರೋ ಇದ್ದರೆ ಅದು ಮಹಾಯುದ್ಧದ್ದಾಗಿರೋಕೆ ಸಾಧ್ಯವೇ ಇಲ್ಲ. ಇಲ್ಲದಿದ್ದರೆ? ಏನೂ ಸಾಬೀತಾಗಲ್ಲ. ಶುದ್ಧ ಉಣ್ಣೆಯ ಕೋಟು 1940ರಲ್ಲೂ ಹೊಲೀತಿದ್ದರು, 1970ರಲ್ಲೂ ಹೊಲೀತಿದ್ದರು.

ಆಮೇಲೆ ಬಣ್ಣ. ನಮ್ಮ ಮಟ್ಟಿಗೆ ಅತಿ ಹೆಚ್ಚು ಹೇಳಿದ ಸಾಕ್ಷಿ ಇದೇ. ಬ್ರಿಟಿಷ್ ಕಾಲದ ಉಣ್ಣೆ ಬಟ್ಟೆ ಖಾಕಿ, ಅಂದ್ರೆ ಕಂದು ಕಡೆಗೆ ವಾಲಿದ ಮಣ್ಣಿನ ಬಣ್ಣ. ಸ್ವಾತಂತ್ರ್ಯದ ನಂತರ ನಮ್ಮ ಭೂಸೇನೆ ಆಲಿವ್ ಹಸಿರಿಗೆ ಬಂತು, ಖಾಕಿ ಪೊಲೀಸರಿಗೆ ಉಳೀತು. ಹಳೆ ಸೈನಿಕರು 'ಓಜಿ' ಅನ್ನೋದು ಇದನ್ನೇ. ತೊಂದರೆ ಏನಂದ್ರೆ ಬಿಸಿಲಿಗೆ, ಧೂಳಿಗೆ ಎರಡೂ ಕೊನೆಗೆ ಒಣಗಿದ ಸಗಣಿ ಬಣ್ಣಕ್ಕೇ ಬರುತ್ತವೆ. ಅದಕ್ಕೆ ಹೊರಗಡೆ ನೋಡಬಾರದು. ಕಾಲರ್ ಎತ್ತಿ ಅದರ ಅಡಿ, ಕಿಸೆ ಮುಚ್ಚಳದ ಒಳಮೈ, ಹೊಲಿಗೆಯೊಳಗೆ ಮಡಚಿದ ಅಂಚು, ಹೀಗೆ ಬಿಸಿಲು ಕಾಣದ ಜಾಗ ಹುಡುಕಿ ಹಗಲು ಬೆಳಕಲ್ಲಿ ನೋಡಬೇಕು. ಟ್ಯೂಬ್‌ಲೈಟಿನ ಕೆಳಗೆ ಹಸಿರು ಯಾವುದು ಕಂದು ಯಾವುದು ಅಂತ ನಾವೇ ಜಗಳ ಆಡಿದ್ವಿ. ಕೊನೆಗೆ ಅಂಗಳಕ್ಕೆ ತಂದು ಕಾಲರ್ ಎತ್ತಿದಾಗ ಯಾರೂ ಮಾತಾಡಲಿಲ್ಲ. ಹಸಿರು.

ಖಾಕಿ ಕೋಟಿಗೆ ಆಮೇಲೆ ಹಸಿರು ಬಣ್ಣ ಹಾಕಿಸಿರಬಹುದಲ್ಲ ಅಂತ ಗೆಳೆಯನ ಅಪ್ಪ ಕೇಳಿದರು. ಒಳ್ಳೆ ಪ್ರಶ್ನೆ. ಹಾಗಾಗಿದ್ದರೆ ಹೊಲಿಗೆ ದಾರ ಸಿಕ್ಕಿಹಾಕಿಸುತ್ತೆ. ಉಣ್ಣೆಯ ಬಣ್ಣವನ್ನ ಹತ್ತಿ ದಾರ ಅಷ್ಟು ಚೆನ್ನಾಗಿ ಹೀರಲ್ಲ, ಬೇರೆಯೇ ಕಾಣುತ್ತೆ. ಇಲ್ಲಿ ದಾರವೂ ಹಸಿರು, ಬಟ್ಟೆಯೂ ಹಸಿರು.

ಗುಂಡಿಗಳನ್ನ ನಾವು ಹೆಚ್ಚು ನಂಬಲಿಲ್ಲ. ಹಿತ್ತಾಳೆ ಗುಂಡಿಯ ಮೇಲೆ ಕಿರೀಟ ಇದ್ದರೆ ರಾಜರ ಕಾಲ, ಅಶೋಕನ ಸಿಂಹ ಇದ್ದರೆ ಗಣರಾಜ್ಯದ ಕಾಲ, ಇಷ್ಟು ಸುಲಭ. ಆದರೆ ಗುಂಡಿ ಕಿತ್ತು ಇನ್ನೊಂದು ಹಾಕೋಕೆ ಎರಡು ನಿಮಿಷ ಸಾಕು. ಸೈನಿಕರಿಗೇ ಸೂಜಿ ದಾರದ ಒಂದು ಪುಟ್ಟ ಚೀಲ ಕೊಡುತ್ತಾರೆ, ಅದರ ಹೆಸರು 'ಹೌಸ್‌ವೈಫ್' (ಇದು ಜೋಕ್ ಅಲ್ಲ, ಲೆಡ್ಜರಿನ ಹೆಸರೇ ಅದು). ಈ ಕೋಟಿನ ಗುಂಡಿಗಳು ಸಾದಾ ಪ್ಲಾಸ್ಟಿಕ್, ಏನೂ ಹೇಳಲಿಲ್ಲ.

ನೀಲಿ ಟಾರ್ಚ್ ಬೆಳಗಿಸಿದಾಗ ಮಾತ್ರ ಒಂದು ಮಜಾ ಆಯ್ತು. ಅಟ್ಟದ ಕತ್ತಲಲ್ಲಿ ಕೋಟು ಪೂರ್ತಿ ಮಂಕಾಗಿತ್ತು, ಎರಡು ಗುಂಡಿಗಳ ದಾರ ಮಾತ್ರ ಹಾಲುಬಿಳುಪಾಗಿ ಹೊಳೀತಿತ್ತು. ಈಗಿನ ದಾರಗಳಲ್ಲಿ, ಸೋಪಿನ ಪುಡಿಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತೆ, ಅದು ಅಲ್ಟ್ರಾವಯೊಲೆಟ್ ಬೆಳಕಿಗೆ ಹೊಳೆಯುತ್ತೆ. ಮಹಾಯುದ್ಧದ ಮುಂಚಿನ ದಾರ ಹಾಗೆ ಹೊಳೆಯಲ್ಲ. ಹುಷಾರು, ಹಳೇ ಕೋಟನ್ನ ಈಗಿನ ಸೋಪಿನ ಪುಡಿಯಲ್ಲಿ ಒಗೆದರೆ ಪೂರ್ತಿ ಹೊಳೆಯುತ್ತೆ, ಅದನ್ನ ನೋಡಿ ನಕಲಿ ಅನ್ನಬಾರದು. ಇಲ್ಲಿ ಎರಡೇ ಗುಂಡಿ ಹೊಳೆದಿದ್ದಕ್ಕೆ ಅರ್ಥ, ಯಾರೋ ಇತ್ತೀಚೆಗೆ ಹೊಲಿದಿದ್ದಾರೆ. ಕೆಳಗಿಂದ ಆಯಿ ಕೂಗಿದರು, "ಅವು ನಾ ಹಚ್ಚೀನಿ!"

ಲೇಬಲ್ ಇರಲಿಲ್ಲ. ಮಹಾಯುದ್ಧದ ಬ್ರಿಟಿಷ್ ಗ್ರೇಟ್‌ಕೋಟ್ ಆಗಿದ್ದರೆ ಒಳಗೆ ಬಿಳಿ ಬಟ್ಟೆಯ ಚೀಟಿ ಇರಬೇಕಿತ್ತು. ಅದರಲ್ಲಿ ಕೋಟಿನ ಹೆಸರು, '1940 ಪ್ಯಾಟರ್ನ್' ಅನ್ನೋ ಥರದ ಮಾದರಿ, ಸೈಜ್ ನಂಬರ್, ಎತ್ತರ, ಎದೆ ಸುತ್ತಳತೆ, ಹೊಲಿದ ಕಂಪನಿ, ವರ್ಷ, ಮತ್ತು ಅಗಲ ಮೂತಿಯ ಬಾಣದ ಗುರುತು. ಬಾಣ ಅಂದ್ರೆ ಸರ್ಕಾರಿ ಸ್ವತ್ತು ಅಂತ. ಬಾಣ ಕಂಡ ಕೂಡಲೇ ಕುಣಿಯೋದೂ ಬೇಡ, ಶತಮಾನಗಟ್ಟಲೆ ಬಳಕೆಯಲ್ಲಿದ್ದ ಗುರುತು ಅದು, ಅದೊಂದೇ ವರ್ಷ ಹೇಳಲ್ಲ. ನಮ್ಮ ಕೋಟಿನ ಅಸ್ತರಿನ ಮೇಲೆ ಇದ್ದಿದ್ದು ಮಸಿಯ ಒಂದು ಕಲೆ, ಬರಿಗಣ್ಣಿಗೆ ಮಸುಕು ನೀಲಿ ಮೋಡದ ಹಾಗೆ.

ಕಂಪ್ಯೂಟರ್ ಸೈನ್ಸ್‌ನವರ ಸರದಿ ಬಂತು. ಮೊಬೈಲಿನಲ್ಲಿ ಹಗಲು ಬೆಳಕಲ್ಲಿ ಫೋಟೋ ತೆಗೆದು ಪೈಥಾನ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನ ಬೇರೆ ಮಾಡೋದು. ನೀಲಿ ಮಸಿ ಕೆಂಪು ಬೆಳಕನ್ನ ಹೀರುತ್ತೆ, ಹಾಗಾಗಿ ಕೆಂಪು ಚಾನೆಲ್‌ನಲ್ಲಿ ಅದು ಕಪ್ಪಾಗಿ ಎದ್ದು ಕಾಣುತ್ತೆ. ಓಪನ್‌ಸಿವಿಯಲ್ಲಿ ಬಣ್ಣದ ಕ್ರಮ ಉಲ್ಟಾ, ನೀಲಿ ಮೊದಲು, ಕೆಂಪು ಕೊನೆಗೆ. ಇದನ್ನ ಮರೆತು ಮೊದಲ ಚಾನೆಲ್ ತೆಗೆದು ಅರ್ಧ ಗಂಟೆ ಏನೂ ಕಾಣ್ತಿಲ್ಲ ಅಂತ ಕೂತಿದ್ವಿ. ಎರಡನೇ ವರ್ಷದಲ್ಲಿ ಇದ್ದೀವಿ, ಯಾರಿಗೂ ಹೇಳಬೇಡಿ. ಸರಿಯಾದ ಚಾನೆಲ್ ತೆಗೆದು ಕಾಂಟ್ರಾಸ್ಟ್ ಏರಿಸಿದಾಗ ಮೇಲಿನ ಸಾಲಿನಲ್ಲಿ 'ಓಸಿಎಫ್' ಅಂತ ಮೂರು ಇಂಗ್ಲಿಷ್ ಅಕ್ಷರ, ಅಂದ್ರೆ ಆರ್ಡ್‌ನೆನ್ಸ್ ಕ್ಲೋದಿಂಗ್ ಫ್ಯಾಕ್ಟರಿ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ 1914ರಿಂದ ಒಂದಿದೆ, ಚೆನ್ನೈ ಹತ್ತಿರದ ಆವಡಿಯಲ್ಲಿ ಇನ್ನೊಂದಿದೆ. ಯಾವುದು ಅಂತ ಓದೋಕೆ ಆಗಲಿಲ್ಲ. ಕೆಳಗೆ ವರ್ಷ: 1, 9, 6. ಕೊನೆಯ ಅಂಕಿ ಅಳಿಸಿಹೋಗಿತ್ತು.

ಇಟಲಿಯ ಮಾತು ಅಲ್ಲಿಗೆ ಮುಗೀತು. ಲ್ಯಾಪ್‌ಟಾಪ್ ಸುತ್ತ ನಿಂತಿದ್ದವರಲ್ಲಿ ಯಾರೂ ಒಂದು ನಿಮಿಷ ಏನೂ ಅನ್ನಲಿಲ್ಲ. ಹದಿನೈದು ಸಾವಿರ ಒಂದು ಸಾವಿರ ಆಗಿದ್ದು ನಮ್ಮಿಂದ. ಗೆಳೆಯನ ಅಪ್ಪ ಮೆಲ್ಲಗೆ, "ಆ ಶಿಕ್ಕಾ ಇಲ್ದಂಗ ಫೋಟೋ ತಗದ ಕಳಿಸಿದ್ರ?" ಅಂದರು. ಕೇಳಿದ್ದರಲ್ಲಿ ತಪ್ಪೇನಿದೆ ಅಂತ ಈಗಲೂ ಅನಿಸುತ್ತೆ, ಹಂಚಿನ ಲೆಕ್ಕ ಅವರ ತಲೆಯಲ್ಲಿತ್ತು. ನಮಗೆ ಉತ್ತರ ಹೊಳೀಲಿಲ್ಲ. ಗೆಳೆಯನೇ, "ಅಪ್ಪಾ, ಇನ್ನೊಂದ ಸಲ ಫೋಟೋ ನೋಡ್ರಿ, ಕೆಳಗ ಏನೋ ನಂಬರ್ ಐತಿ" ಅಂದ.

ಶಿಕ್ಕೆಯಿಂದ ಸ್ವಲ್ಪ ದೂರ, ಬೇರೆ ಮಸಿಯಲ್ಲಿ, ಕೈಯಲ್ಲಿ ಬರೆದ ಅಂಕಿಗಳು. ಸೈನಿಕರು ತಮ್ಮ ಬಟ್ಟೆಯ ಮೇಲೆ ತಮ್ಮ ಆರ್ಮಿ ನಂಬರ್ ಹಾಕಿಕೊಳ್ಳುತ್ತಾರೆ, ಬ್ಯಾರಕ್ಕಿನಲ್ಲಿ ಎಲ್ಲರ ಕೋಟೂ ಒಂದೇ ಥರ ಇರುತ್ತಲ್ಲ. ಹಳೆ ಮಿಲಿಟರಿ ಬಟ್ಟೆಯಲ್ಲಿ ಇದಕ್ಕಿಂತ ಬೆಲೆಬಾಳುವ ಗುರುತು ಇಲ್ಲ ಅಂತ ನಮ್ಮ ಅಭಿಪ್ರಾಯ, ಕೊಳ್ಳುವವರು ಏನೇ ಹೇಳಲಿ. ಕಾರ್ಖಾನೆಯ ಶಿಕ್ಕೆ ಕೋಟು ಎಲ್ಲಿ ಹುಟ್ಟಿತು ಅಂತ ಹೇಳುತ್ತೆ, ನಂಬರ್ ಯಾರು ಹಾಕಿಕೊಂಡರು ಅಂತ ಹೇಳುತ್ತೆ. ಗೆಳೆಯ ಕೆಳಗೆ ಓಡಿ ಅಜ್ಜನ ಪೆನ್ಶನ್ ಪುಸ್ತಕ ತಂದ. ಅಜ್ಜ ಅಂದ್ರೆ ಮುತ್ತಜ್ಜನ ಮಗ, ಆಯಿಯ ಗಂಡ. 1961ರಲ್ಲಿ ಸೇನೆ ಸೇರಿದವರು, ನಾವು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡರು. ಅಂಕಿ ಅಂಕಿ ತಾಳೆ ನೋಡಿದ್ವಿ. ಪೂರ್ತಿ ಹೊಂದಿತು, ಕೊನೆಯ ಅಕ್ಷರ ಸಮೇತ.

ಆಯಿ ಅಷ್ಟರಲ್ಲಿ ಮೇಲೆ ಬಂದಿದ್ದರು. "ಅದ ಅವರದ ಕೋಟ. ನಾ ಬಾಗಲದಾಗ ಹೇಳಾಕ ಹ್ವಾದೆ, ನೀವ್ ಯಾರ್ ಕೇಳಿದ್ರಿ? ನಿಮ್ಮಪ್ಪ ಸಣ್ಣಾವ ಇದ್ದಾಗಿಂದ ಇಟಲಿ ಇಟಲಿ ಅಂತಾನ, ಹುಡುಗಗ ಖುಷಿ ಅಕ್ಕೈತಿ ಬಿಡು ಅಂತ ಅವರೂ ಸುಮ್ನಿರ್ತಿದ್ರು." ಕೋಟಿನ ಕೆಳ ಅಂಚಿನಲ್ಲಿ ಹೋಗದ ಕೆಂಪು ಕಲೆ ಒಂದಿತ್ತು. ಯುದ್ಧದ ಕೆಸರು ಅಂತ ಮನೆಯವರ ನಂಬಿಕೆ, ಒಳಗೊಳಗೆ ನಮ್ಮದೂ. ಅದನ್ನೂ ಕೇಳಿದ್ವಿ. ಪೆನ್ಶನ್ ಮೇಲೆ ಬಂದ ಮೇಲೆ ಅಜ್ಜ ಮಳೆಗಾಲದಲ್ಲಿ ಅದನ್ನೇ ಹಾಕಿಕೊಂಡು, ಮೇಲೊಂದು ಪ್ಲಾಸ್ಟಿಕ್ ಹೊದ್ದು ಭತ್ತದ ಗದ್ದೆಗೆ ಹೋಗುತ್ತಿದ್ದರಂತೆ. ಖಾನಾಪುರದ ಕೆಂಪು ಮಣ್ಣು. ಒದ್ದೆಯಾದರೆ ಭಾರ ಆಗಲ್ವಾ ಅಂತ ಕೇಳಿದ್ದಕ್ಕೆ, "ಭಾರ ಅಕ್ಕಿತ್ತು. ಬೆಚ್ಚಗ ಇರ್ತೈತಿ ಅಂತಿದ್ರು" ಅಂದರು. ಅಜ್ಜ ಹೇಳಿದ್ದು ಸರಿ. ಉಣ್ಣೆ ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನಿಸಲ್ಲ, ಗುಂಗುರು ಎಳೆಗಳ ನಡುವೆ ಗಾಳಿ ಉಳಿಯುತ್ತೆ. ಹತ್ತಿಗೆ ಆ ಗುಣ ಇಲ್ಲ. 62ರ ಹತ್ತಿ ಬಟ್ಟೆಯ ಬಗ್ಗೆ ಓದುವಾಗ ಇದು ನೆನಪಿರಲಿ.

ಉಣ್ಣೆಗೂ ಒಂದು ಮಿತಿ ಇದೆ ಅನ್ನೋದೂ ನಿಜ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತದಲ್ಲಿ ನಮ್ಮ ಸೇನೆ ಸಿಯಾಚಿನ್‌ಗೆ ಹೋದ ಮೇಲೆ ಪರ್ವತಾರೋಹಿಗಳು ಹಾಕುವಂಥ ಹಗುರ ಪದರಗಳ ಬಟ್ಟೆ ಬೇಕಾಯ್ತು, ಬಹಳ ವರ್ಷ ಅದು ಹೊರದೇಶದಿಂದಲೇ ಬಂತು. ನಿಮ್ಮ ಮನೆಯ ಬಟ್ಟೆ ಉಬ್ಬಿದ, ಹಗುರವಾದ, ಜಿಪ್ ಇರುವಂಥದ್ದಾದರೆ ಈ ಕಾಲದ್ದಿರಬಹುದು, ಲೇಬಲ್‌ನಲ್ಲಿ ಯುರೋಪಿನ ಹೆಸರು ಕಂಡರೆ ಆಶ್ಚರ್ಯಪಡಬೇಡಿ. ಎಂಥ ಬಟ್ಟೆಯೂ ಸಾಲದ ಜಾಗ ಅದು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು 2016ರ ಫೆಬ್ರವರಿಯಲ್ಲಿ ಆರು ದಿನಗಳ ನಂತರ ಹಿಮದಡಿಯಿಂದ ಜೀವಂತವಾಗಿ ತೆಗೆದಾಗ ನಾವು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆವು. ಶಾಲೆಯಲ್ಲಿ ಪ್ರಾರ್ಥನೆ ಮಾಡಿಸಿದ್ದು ನೆನಪಿದೆ. ಅವರು ಉಳಿಯಲಿಲ್ಲ.

ಕೋಟು ಸಿಕ್ಕಿದ ಖುಷಿಗೆ ಒಗೆಯೋಕೆ ಹೋಗಬೇಡಿ. ಬಿಸಿನೀರಿಗೆ ಉಣ್ಣೆ ಕುಗ್ಗುತ್ತೆ, ಬ್ಲೀಚ್ ತಾಗಿದರೆ ಕರಗಿಯೇ ಹೋಗುತ್ತೆ, ಮಸಿಯ ನಂಬರೂ ಅಳಿಯುತ್ತೆ. ನೆರಳಲ್ಲಿ ಗಾಳಿಗೆ ಹರವಿ, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಒಗೆದ ಹಳೆ ಹತ್ತಿ ಸೀರೆಯಲ್ಲಿ ಸುತ್ತಿಡಿ. ಡಾಂಬರ್ ಗುಳಿಗೆ ಬಟ್ಟೆಗೆ ತಾಗದ ಹಾಗೆ ಚೀಟಿಯಲ್ಲಿ ಕಟ್ಟಿ ಇಡಬೇಕು. ಹ್ಯಾಂಗರಿಗೆ ಹಾಕಿದರೆ ಭಾರಕ್ಕೆ ಭುಜ ಹರಿಯುತ್ತೆ. ಹಾಕಿಕೊಂಡು ರೀಲ್ಸ್ ಮಾಡುವ ಆಸೆ ನಮಗೂ ಇತ್ತು. ಸೈನಿಕ ಅಂತ ನಂಬಿಸೋಕೆ ಸಮವಸ್ತ್ರ ಹಾಕೋದು ಅಪರಾಧ, ಹಳೇದೇ ಆಗಲಿ ಹುಡುಗಾಟ ಬೇಡ ಅಂತ ಬಿಟ್ವಿ.

ಕೊಳ್ಳುವವರಿಗೆ ಶಿಕ್ಕೆಯ ಫೋಟೋನೇ ಕಳಿಸಿದರು. ಒಂದು ಸಾವಿರದ ಮಾತು ಅವರ ಕಡೆಯಿಂದ ಬಂತು, ಆಯಿ ಬೇಡ ಅಂದರು. ಹಂಚು ಈ ಸಲ ಅರ್ಧ ಮನೆಗೆ ಮಾತ್ರ ಬದಲಾಗಿದೆ, ಉಳಿದರ್ಧಕ್ಕೆ ತಾಡಪಾಲು.

ಇನ್ನು ಮುತ್ತಜ್ಜ. ಕೋಟು ಅವರದ್ದಲ್ಲ ಅಂದ ಮಾತ್ರಕ್ಕೆ ಅವರು ಇಟಲಿಗೆ ಹೋಗಿರಲಿಲ್ಲ ಅಂತ ಆಗಲ್ಲ. ಆ ಯುದ್ಧದಲ್ಲಿ ಇದ್ದವರಿಗೆ ಇಟಲಿ ಸ್ಟಾರ್ ಅಂತ ಆರು ಮೂಲೆಯ ಪದಕ ಕೊಟ್ಟಿದ್ದರು, ಅದರ ಪಟ್ಟಿಯಲ್ಲಿ ಇಟಲಿಯ ಬಾವುಟದ ಕೆಂಪು, ಬಿಳಿ, ಹಸಿರು. ಇದನ್ನ ಹೇಳಿದಾಗ ಆಯಿ, ದೇವರ ಕೋಣೆಯ ಡಬ್ಬಿಯಲ್ಲಿ ಒಂದು ನಕ್ಷತ್ರ ಇತ್ತು, ಪಟ್ಟಿ ಇಲಿ ತಿಂದಿದೆ ಅಂದರು. ಈ ಸಲ ಮೊದಲು ಅವರ ಹತ್ತಿರ ಕೂತು ಕೇಳಿ, ಆಮೇಲೆ ಡಬ್ಬಿ ತೆಗೆಯೋದು ಅಂತ ಮಾಡಿದ್ದೀವಿ. ಇಂಟರ್ನಲ್ಸ್ ಮುಗಿದ ವಾರವೇ ಹೋಗ್ತೀವಿ.